ಹೆಸರು ಮತ್ತು ಗೆರೆ

ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಈಗ ಒಂದು ಪದ್ಧತಿ ಬೇರೂರಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ರೋಗಿಯು ದಾಖಲಾದೊಡನೆ ಅವನ ಮಣಿಕಟ್ಟಿಗೆ ಸುಲಭವಾಗಿ ಹರಿಯದಂತಹ ಪಟ್ಟಿಯೊಂದನ್ನು ಕಟ್ಟುತ್ತಾರೆ. ಅದರ ಮೇಲೆ ಹೆಸರು, ವಯಸ್ಸು, ನೋಂದಣಿಯ ಸಂಖ್ಯೆ. ಇವುಗಳ ಮಗ್ಗುಲಲ್ಲಿ ದಪ್ಪವೂ ತೆಳುವೂ ಆದ ಕರಿಯ ಗೆರೆಗಳ ಸಾಲು, ಇಲ್ಲವೆ ಚುಕ್ಕೆಗಳಿಂದ ತುಂಬಿದ ಚಿಕ್ಕ ಚೌಕ. ಇದಕ್ಕೆ ಬಾರ್‌ಕೋಡ್ ಎಂದು ಹೆಸರು. ಅವನ ರಕ್ತ ತೆಗೆದ ನಳಿಗೆಗೂ ಅದೇ ಗುರುತಿನ ಚೀಟಿ ಅಂಟುತ್ತದೆ. ದಾದಿಯು ಕೈಯಂತ್ರದ ಬೆಳಕನ್ನು ಮೊದಲು ಮಣಿಕಟ್ಟಿನ ಮೇಲೆ, ಆಮೇಲೆ ಔಷಧಿಯ ಪೊಟ್ಟಣದ ಮೇಲೆ ಹಾಯಿಸುತ್ತಾಳೆ. ವೈದ್ಯರು ಬರೆದುದಕ್ಕೂ ಕೈಯಲ್ಲಿರುವುದಕ್ಕೂ ತಾಳೆ ಬಿದ್ದರೆ ಮದ್ದು ಸಲ್ಲುತ್ತದೆ. ತಪ್ಪಿದರೆ ಯಂತ್ರವು ಎಚ್ಚರಿಸುತ್ತದೆ.

ಸೊಲ್ಲಾಪುರ, ಪುಣೆಗಳ ಆಸ್ಪತ್ರೆಗಳಿಗೆ ಹೋಗಿ ಬಂದ ನಮ್ಮ ಕಡೆಯ ಹಿರಿಯರು ಈ ಪಟ್ಟಿಯ ವಿಷಯದಲ್ಲಿ ಅಸಮಾಧಾನ ತೋರುವುದನ್ನು ಕೇಳಿದ್ದೇವೆ. "ಮನುಷ್ಯಾ ಏನ್ ಕಿರಾಣಿ ಅಂಗಡ್ಯಾಗಿನ ಸಾಬೂನೇನ್ರಿ ಮಾಸ್ತರ?" ಎಂಬುದು ಅವರ ಮಾತು. ಹಳಬರ ಗೊಣಗಾಟವೆಂದು ಇದನ್ನು ತಳ್ಳಿಬಿಡುವುದು ಸುಲಭ. ಆದರೆ ಅದು ನ್ಯಾಯವಾಗದು. ನರಳುತ್ತಿರುವ ಮನುಷ್ಯನನ್ನು ಹೆಸರು ಹಿಡಿದು ಮಾತಾಡಿಸುವ ಬದಲು ಅವನ ಕೈಯ ಗೆರೆಗಳನ್ನು ಯಂತ್ರಕ್ಕೆ ತೋರಿಸಿದರೆ ಅವನ ಮಾನಕ್ಕೆ ಕುಂದು ಬರುವುದೇ, ಬಾರದೇ? ಇದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ದೂರಿನಲ್ಲಿ ಸತ್ಯಾಂಶ ಇಲ್ಲದೆ ಇಲ್ಲ. ಈ ಗೆರೆಗಳು ಹುಟ್ಟಿದ್ದು ಅಂಗಡಿಗಾಗಿಯೇ. ಅಮೇರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬಾತನು ಮಯಾಮಿಯ ಕಡಲತೀರದಲ್ಲಿ ಕುಳಿತು, ತಂತಿಯ ಮೋರ್ಸ್ ಸಂಕೇತವನ್ನು ನೆನೆಯುತ್ತ ಮರಳಿನಲ್ಲಿ ಬೆರಳೆಳೆದಾಗ ಈ ಕಲ್ಪನೆ ಹೊಳೆಯಿತು. ಆತನಿಗೂ ಅವನ ಸ್ನೇಹಿತ ಬರ್ನಾರ್ಡ್ ಸಿಲ್ವರನಿಗೂ 1952ರಲ್ಲಿ ಇದರ ಪೇಟೆಂಟ್ ದೊರೆಯಿತು. ಆಮೇಲೆ ಅನ್ಯರು ಅದನ್ನು ತಿದ್ದಿ ಬೆಳೆಸಿ, 1974ರ ಜೂನ್ 26ರಂದು ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣವೊಂದನ್ನು ಈ ಬಗೆಯಿಂದ ಮೊದಲು ಓದಿಸಿದರು. ರೋಗಿಯ ಹಾಸಿಗೆಯ ಬಳಿಗೆ ಅದು ಬಂದ ಕಥೆ ಇನ್ನೂ ವಿಚಿತ್ರವಾದುದು. ಕಾನ್ಸಾಸ್ ಸಂಸ್ಥಾನದ ಟೊಪೀಕಾದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ದಾದಿಯಾಗಿದ್ದ ಸೂ ಕಿನ್ನಿಕ್ ಎಂಬಾಕೆ, ಬಾಡಿಗೆಯ ಮೋಟಾರನ್ನು ಹಿಂದಿರುಗಿಸುವಾಗ ಅಲ್ಲಿಯ ನೌಕರನು ಕೈಯಂತ್ರದಿಂದ ಗಾಡಿಯ ಗುರುತನ್ನು ಓದುವುದನ್ನು ನೋಡಿದಳು. ಗಾಡಿಗೆ ಆಗುವುದು ಮದ್ದಿಗೇಕೆ ಆಗಬಾರದು ಎಂದು 1992ರಲ್ಲಿ ಅವಳು ಆಸ್ಪತ್ರೆಯಲ್ಲಿ ಸೂಚಿಸಿದಳು. ಆ ದಶಕ ಮುಗಿಯುವ ಹೊತ್ತಿಗೆ ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಅದು ಹಬ್ಬತೊಡಗಿತು.

ಆದುದರಿಂದ ನಮ್ಮ ಹಿರಿಯರ ಊಹೆ ಸರಿಯಾದುದೇ. ಆದರೆ ಈ ಕಥೆಯಲ್ಲಿ ನಮಗೆ ನಾಚಿಕೆ ತರುವುದು ಬೇರೊಂದು ಸಂಗತಿ. ಬಾಡಿಗೆಯ ಮೋಟಾರು ಯಾರದು, ಎಲ್ಲಿಂದ ಬಂದಿತು ಎಂಬುದನ್ನು ತಪ್ಪಿಲ್ಲದೆ ನೋಡುವ ಏರ್ಪಾಡು ಇದ್ದ ಕಾಲದಲ್ಲಿ, ಯಾರ ರಕ್ತನಾಳಕ್ಕೆ ಯಾವ ದ್ರವ ಹೋಗುತ್ತಿದೆ ಎಂಬುದು ರಾತ್ರಿ ಪಾಳಿಯ ದಾದಿಯ ನೆನಪಿನ ಮೇಲೆಯೂ ಅವಸರದ ಕೈಬರಹದ ಮೇಲೆಯೂ ನಿಂತಿತ್ತು. ಅಮೇರಿಕದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದೆಂದು ಅಲ್ಲಿಯ ವೈದ್ಯಕೀಯ ಸಂಸ್ಥೆಯೊಂದು 1999ರಲ್ಲಿ ಅಂದಾಜು ಮಾಡಿತು. ಸಾಬೂನಿಗೆ ಸಿಕ್ಕ ಕಾವಲು ಮನುಷ್ಯನಿಗೆ ಸಿಗದೆ ಹೋಗಿತ್ತು ಎಂದ ಮೇಲೆ, ಅಪಮಾನವಾದುದು ಯಾವಾಗ? ಪಟ್ಟಿ ಕಟ್ಟಿದಾಗಲೋ, ಕಟ್ಟದೆ ಇದ್ದಾಗಲೋ?

ನಾವು ಅಕ್ಕಲಕೋಟೆಯ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರು. ದಿನವೂ ಹಾಜರಿ ಪುಸ್ತಕ ತೆರೆಯುವವರಿಗೆ ಹೆಸರುಗಳ ಬಲವೂ ಗೊತ್ತು, ಬಲಹೀನತೆಯೂ ಗೊತ್ತು. ಸೊಲ್ಲಾಪುರವು ಸಿದ್ಧರಾಮೇಶ್ವರನ ಊರು. ಆದಕಾರಣ ಈ ಸುತ್ತಿನಲ್ಲಿ ಸಿದ್ಧರಾಮರಿಗೂ ಸಿದ್ದಪ್ಪರಿಗೂ ಬರವಿಲ್ಲ. ಒಂದೇ ಇಯತ್ತೆಯಲ್ಲಿ ಮೂವರು ಸಿದ್ಧರಾಮರಿದ್ದರೆ ಒಬ್ಬನನ್ನು ಕರೆದಾಗ ಮೂವರೂ ಎದ್ದು ನಿಲ್ಲುತ್ತಾರೆ. ಮಿಕ್ಕ ಮಕ್ಕಳು ನಗುತ್ತಾರೆ. ಒಂದೇ ವಾರ್ಡಿನಲ್ಲಿ ಇಬ್ಬರು ಸಿದ್ಧರಾಮರು ಮಲಗಿದ್ದು, ಅವರಲ್ಲಿ ಒಬ್ಬನಿಗೆ ಮಾತ್ರ ಇನ್ಸುಲಿನ್ ಸಲ್ಲಬೇಕಾಗಿದ್ದರೆ ಅಲ್ಲಿ ನಗೆಗೆ ಎಡೆಯೆಲ್ಲಿ? ಅಡ್ಡಹೆಸರನ್ನು ಸೇರಿಸಿದರಾಯಿತು ಎನ್ನಬಹುದು. ಆದರೆ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿಯ ವಾಡಿಕೆ. ಅಣ್ಣತಮ್ಮಂದಿರ ಮಕ್ಕಳಿಬ್ಬರಿಗೂ ಅದೇ ಹೆಸರು, ಅದೇ ಅಡ್ಡಹೆಸರು ಬಂದಿರುವುದನ್ನು ನಾವು ಕಂಡಿದ್ದೇವೆ.

ಜನ್ಮದಿನಾಂಕವನ್ನು ಕೇಳಿದರೆ ಸಂಶಯ ತೀರುವುದೆಂದು ತಿಳಿದವರು ಹೇಳುತ್ತಾರೆ. ಚಿಕಿತ್ಸೆಗೆ ಮುನ್ನ ರೋಗಿಯನ್ನು ಕನಿಷ್ಠ ಎರಡು ಗುರುತುಗಳಿಂದ ಖಚಿತಪಡಿಸಿಕೊಳ್ಳಬೇಕೆಂದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದಾಗ, ಹೆಸರಿನ ಜೊತೆಗೆ ಜನ್ಮದಿನಾಂಕವನ್ನೇ ಉದಾಹರಿಸಿತು. ಸರಿಯಾದ ಮಾತು, ಆದರೆ ಅದನ್ನು ಬರೆದವರು ನಮ್ಮ ಶಾಲೆಗಳ ಹಳೆಯ ದಾಖಲೆ ಪುಸ್ತಕವನ್ನು ನೋಡಿದವರಲ್ಲ. ಮಗುವಿನ ಜನ್ಮದಿನ ತಿಳಿಯದ ತಂದೆ ತಾಯಿ ಶಾಲೆಯ ಬಾಗಿಲಲ್ಲಿ ನಿಂತಾಗ, ನಮ್ಮ ಹಿಂದಿನ ಗುರುಗಳು ವರ್ಷವನ್ನು ಅಂದಾಜಿನಿಂದ ಹಾಕಿ, ತಾರೀಖಿನ ಸ್ಥಳದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಶಾಲೆಗೆ ಸೇರಿಸಲು ಅದು ಅನುಕೂಲವಾದ ದಿನ. ಹೀಗಾಗಿ ಇಂದು ಅರುವತ್ತು ದಾಟಿದವರಲ್ಲಿ ಎಷ್ಟೋ ಮಂದಿ ಒಂದೇ ದಿನ ಹುಟ್ಟಿದವರು! ಇಬ್ಬರು ಸಿದ್ಧರಾಮರೂ ಜೂನ್ 1ರಂದು ಹುಟ್ಟಿದವರಾದರೆ ಆ ಎರಡನೆಯ ಗುರುತಿನಿಂದ ಬಂದ ಲಾಭವೇನು?

ಗಡಿನಾಡಿನ ಹೆಸರಿಗೆ ಮತ್ತೊಂದು ಕಷ್ಟವಿದೆ. ಅದು ಕನ್ನಡದ ಬಾಯಿಂದ ಹೊರಟು, ಮರಾಠಿಯ ಕಿವಿಯಲ್ಲಿ ಬಿದ್ದು, ಇಂಗ್ಲಿಷಿನ ಅಕ್ಷರಗಳಲ್ಲಿ ಇಳಿಯುತ್ತದೆ. ಗಂಗವ್ವನು ಒಂದು ಕಾಗದದಲ್ಲಿ ಗಂಗಾಬಾಯಿ, ಇನ್ನೊಂದರಲ್ಲಿ ಗಂಗೂಬಾಯಿ, ಮತ್ತೊಂದರಲ್ಲಿ ಗಂಗಮ್ಮ. ಮೂರು ಕಾಗದಗಳೂ ಒಬ್ಬಳದೇ ಎಂದು ಸಾಧಿಸುವ ಹೊಣೆ ಮೈಯಲ್ಲಿ ಶಕ್ತಿಯಿಲ್ಲದ ಆ ಮುದುಕಿಯ ಮೇಲೆ. ಗೆರೆಗಳಿಗಾದರೋ ಭಾಷೆಯಿಲ್ಲ, ಅವುಗಳನ್ನು ತಪ್ಪಾಗಿ ಉಚ್ಚರಿಸಲು ಯಾರಿಂದಲೂ ಆಗದು.

ಇದಕ್ಕಿಂತ ಸೂಕ್ಷ್ಮವಾದುದು 'ಹೌದು' ಎಂಬ ಉತ್ತರದ ಸಂಗತಿ. ಪಾಠ ಮುಗಿಸಿ "ತಿಳಿಯಿತೇ?" ಎಂದು ಕೇಳಿದರೆ ತಿಳಿಯದ ಮಗುವೂ "ಹೌದ್ರಿ ಸರ್" ಎನ್ನುವುದು ಪ್ರತಿಯೊಬ್ಬ ಶಿಕ್ಷಕನ ಅನುಭವ. ಭಯ, ಗೌರವ, ಬೇಗ ಮುಗಿಯಲಿ ಎಂಬ ಆಸೆ, ಎಲ್ಲವೂ ಆ ಒಂದು ಮಾತಿನಲ್ಲಿ ಕೂಡಿರುತ್ತವೆ. ಆಸ್ಪತ್ರೆಯ ಹಾಸಿಗೆಯಲ್ಲಿ ದೊಡ್ಡವರೂ ಮಕ್ಕಳೇ. ನಮ್ಮ ಕಡೆಯ ಹಳ್ಳಿಯ ಮುದುಕಿಯೊಬ್ಬಳು ಪಟ್ಟಣದ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆವು. ದಾದಿಯು ಮರಾಠಿಯಲ್ಲಿ ಬೇರೊಬ್ಬಳ ಹೆಸರು ಹೇಳಿ, ನೀವೇ ಅಲ್ಲವೇ ಎಂದು ಕೇಳಿದಳು. ಅಜ್ಜಿ ತಲೆಯಾಡಿಸಿ "ಹೌದವ್ವ" ಎಂದಳು. ಅವಳಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. ದಾದಿಯ ಮುಖದಲ್ಲಿದ್ದ ಆತುರ ಮಾತ್ರ ಅರ್ಥವಾಗಿತ್ತು. ಅಂದು ಮಗಳು ಪಕ್ಕದಲ್ಲಿದ್ದಳು, ತಿದ್ದಿದಳು. ಮಗಳು ಇಲ್ಲದಿದ್ದರೆ?

ಪಟ್ಟಿಯಿಂದ ಮಾನ ಹೋಯಿತೆಂದು ಹೇಳುವವರು ಸಾಮಾನ್ಯವಾಗಿ ಹಾಸಿಗೆಯ ಸುತ್ತ ನಾಲ್ವರು ಬಂಧುಗಳುಳ್ಳವರು. ಅವರ ಹೆಸರನ್ನು ಕಾಯಲು ಜನರಿದ್ದಾರೆ. ದಾರಿಯಲ್ಲಿ ಗಾಡಿ ಬಡಿದು ಎಚ್ಚರ ತಪ್ಪಿ ಬಂದವನು, ಒಬ್ಬಂಟಿಯಾಗಿ ಬಂದ ವಿಧವೆ, ಅಲ್ಲಿಯ ನುಡಿಯರಿಯದ ಕೂಲಿಯವನು, ಇವರ ಪರವಾಗಿ ಸಾಕ್ಷಿ ನುಡಿಯುವುದು ಆ ಗೆರೆಗಳ ಸಾಲೊಂದೇ. ಅಂದೇ ಹುಟ್ಟಿದ ಕೂಸಿನ ಪಾಡಂತೂ ಇನ್ನೂ ದೊಡ್ಡದು. ಅದಕ್ಕೆ ಹೆಸರೇ ಇಲ್ಲ. ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆಯಲ್ಲಿ ಕೂಸುಗಳನ್ನೆಲ್ಲ 'ಗಂಡು ಕೂಸು', 'ಹೆಣ್ಣು ಕೂಸು' ಎಂದು ಬರೆಯುವ ಬದಲು ತಾಯಿಯ ಹೆಸರನ್ನು ಮುಂದಿಟ್ಟು 'ಇಂಥವಳ ಮಗ', 'ಇಂಥವಳ ಮಗಳು' ಎಂದು ಬರೆಯತೊಡಗಿದೊಡನೆ, ಒಂದು ಕೂಸಿನ ಹೆಸರಿನಲ್ಲಿ ಇನ್ನೊಂದಕ್ಕೆ ಚಿಕಿತ್ಸೆ ಬರೆಯುವ ತಪ್ಪುಗಳು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿ ಇಳಿದುವೆಂದು 2015ರಲ್ಲಿ ಪ್ರಕಟವಾಯಿತು. ಹೆಸರೇ ಆಗಲಿ, ಗೆರೆಯೇ ಆಗಲಿ, ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವಷ್ಟು ಕಾಳಜಿಯಿಂದ ಮಾಡಿದಾಗಲೇ ಅದಕ್ಕೆ ಬೆಲೆ.

ಗೆರೆಗಳಿಂದ ಆದ ಉಪಕಾರವನ್ನೂ ಅಳೆದಿದ್ದಾರೆ. ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ ಹದಿನಾಲ್ಕು ಸಾವಿರಕ್ಕೂ ಮಿಕ್ಕಿ ಮದ್ದು ಕೊಟ್ಟ ಸಂದರ್ಭಗಳನ್ನು ಪಕ್ಕದಲ್ಲಿ ನಿಂತು ಗಮನಿಸಿದರು. ಹೊತ್ತಿನ ಹೆಚ್ಚುಕಡಿಮೆಯನ್ನು ಬಿಟ್ಟು ಉಳಿದ ತಪ್ಪುಗಳು ಗೆರೆಗಳ ಪದ್ಧತಿಯಿಲ್ಲದ ಕಡೆ ನೂರಕ್ಕೆ 11.5, ಇದ್ದ ಕಡೆ ನೂರಕ್ಕೆ 6.8 ಎಂದು 2010ರಲ್ಲಿ ತಿಳಿಸಿದರು. ತಪ್ಪುಗಳು ಇಳಿದುವು, ಇಲ್ಲವಾಗಲಿಲ್ಲ. ನೂರಕ್ಕೆ ಸುಮಾರು ಏಳು ಉಳಿದುವಲ್ಲ, ಅದನ್ನು ಮರೆಯಲಾಗದು. ಪೊಟ್ಟಣದ ಮೇಲೆಯೂ ಗುರುತು ಇದ್ದರಲ್ಲವೆ ಇದೆಲ್ಲ ನಡೆಯುವುದು? ಅಮೇರಿಕದಲ್ಲಿ 2004ರಲ್ಲಿ ಔಷಧಿಗಳ ಮೇಲೆ ಬಾರ್‌ಕೋಡ್ ಇರಬೇಕೆಂದು ನಿಯಮ ಮಾಡಿದರು. ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ 300 ಹೆಸರಾಂತ ಔಷಧಿಗಳ ಮೇಲೆ ಇಂತಹ ಗುರುತು ಕಡ್ಡಾಯವಾಯಿತು. ಅದು ಮುಖ್ಯವಾಗಿ ನಕಲಿ ಔಷಧಿಯನ್ನು ಹಿಡಿಯುವುದಕ್ಕೆ. ಹಾಸಿಗೆಯ ಬಳಿಯ ಕೆಲಸಕ್ಕೆ ಇನ್ನೂ ದಾರಿ ಉಳಿದಿದೆ.

ಇಷ್ಟು ಹೇಳಿದ ಮೇಲೆ ಗೆರೆಗಳ ಅಜ್ಞಾನವನ್ನೂ ಹೇಳತಕ್ಕದ್ದು. ಅಂಗಡಿಯ 13 ಅಂಕಿಗಳ ಗುರುತಿನಲ್ಲಿ ಕೊನೆಯ ಅಂಕಿಯು ಉಳಿದ ಹನ್ನೆರಡರ ಕಾವಲುಗಾರ. ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ 1ರಿಂದಲೂ 3ರಿಂದಲೂ ಗುಣಿಸಿ ಕೂಡಿ, ಮೊತ್ತವನ್ನು ಮುಂದಿನ ಹತ್ತಕ್ಕೆ ಮುಟ್ಟಿಸಲು ಬೇಕಾದುದೇ ಆ ಕೊನೆಯ ಅಂಕಿ. ನಡುವೆ ಯಾವ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ನಾಲ್ಕನೆಯ ಇಯತ್ತೆಯ ಮಕ್ಕಳು ಸಾಬೂನಿನ ಹೊದಿಕೆ ತಂದು ಇದನ್ನು ಮಾಡಿ ಸಂತೋಷಪಡುತ್ತಾರೆ. ಆಸ್ಪತ್ರೆಯ ಗುರುತುಗಳಲ್ಲಿಯೂ ಬೇರೆ ಬಗೆಯ ಇಂತಹ ಕಾವಲು ಉಂಟು. ಆದರೆ ತನ್ನ ಅಂಕಿಗಳು ಸರಿಯೇ ಎಂಬುದನ್ನಷ್ಟೇ ಅದು ಬಲ್ಲದು. ತಾನು ಕಟ್ಟಿಸಿಕೊಂಡ ಕೈ ಸರಿಯೇ ಎಂಬುದನ್ನು ಅರಿಯದು. ಮೊದಲ ದಿನವೇ ಒಬ್ಬನ ಪಟ್ಟಿಯನ್ನು ಇನ್ನೊಬ್ಬನಿಗೆ ಕಟ್ಟಿದರೆ, ಆಮೇಲೆ ಯಂತ್ರವು ಆ ತಪ್ಪನ್ನೇ ಅತ್ಯಂತ ನಿಷ್ಠೆಯಿಂದ ಕಾಯುತ್ತದೆ. ರಕ್ತದ ವಿಷಯದಲ್ಲಿ ಇದು ಪ್ರಾಣಕ್ಕೆ ಬರುತ್ತದೆ. ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು 1901ರಲ್ಲಿ ಲ್ಯಾಂಡ್‌ಸ್ಟೈನರನು ತೋರಿಸಿದಂದಿನಿಂದ, ಒಂದರ ಸ್ಥಳದಲ್ಲಿ ಒಗ್ಗದ ಇನ್ನೊಂದು ಹೋದರೆ ಸಾವು ಬರಬಹುದೆಂದು ತಿಳಿದಿದೆ. ನಳಿಗೆಗೆ ಚೀಟಿಯನ್ನು ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಅಂಟಿಸಬೇಕು, ಮೇಜಿನ ಹತ್ತಿರ ಹೋಗಿ ಒಟ್ಟಿಗೆ ಅಂಟಿಸಕೂಡದು ಎಂಬ ಕಟ್ಟುಪಾಡು ಇರುವುದು ಈ ಕಾರಣದಿಂದ.

ಗುರುತಿನ ವಸ್ತುವಿನ ಈ ದ್ವಂದ್ವವನ್ನು ನಮ್ಮ ಪ್ರಾಚೀನರು ಅರಿಯದವರಲ್ಲ. ಕಾಳಿದಾಸನ ನಾಟಕದಲ್ಲಿ ಶಕುಂತಲೆಯು ತಾನೇ ಎದುರು ನಿಂತು ಹೇಳಿದರೂ ದುಷ್ಯಂತನು ನಂಬುವುದಿಲ್ಲ. ಮೀನಿನ ಹೊಟ್ಟೆಯಿಂದ ಬಂದ ಉಂಗುರವನ್ನು ಕಂಡೊಡನೆ ಕಣ್ಣೀರಿಡುತ್ತಾನೆ. ಶಾಪದ ಕಾರಣವಿರಲಿ, ಜೀವಂತ ಹೆಣ್ಣಿಗಿಂತ ಲೋಹದ ತುಂಡು ಹೆಚ್ಚಿನ ಸಾಕ್ಷಿಯಾದುದು ನಮ್ಮನ್ನು ಇರಿಯುತ್ತದೆ. "ಅಯ್ಯಾ, ಈ ಗುಳಿಗೆ ನನ್ನದಲ್ಲ" ಎಂದು ರೋಗಿಯು ಹೇಳುತ್ತಿರುವಾಗ, ಯಂತ್ರ ಒಪ್ಪಿದೆ ನುಂಗಿ ಎನ್ನುವ ದಾದಿಯು ದುಷ್ಯಂತನ ಸಾಲಿನವಳು. ಅಶೋಕವನದ ಸಂಗತಿ ಬೇರೆ. ಅಲ್ಲಿಯೂ ಉಂಗುರವಿದೆ. ಆದರೆ ಸೀತೆಯು ಮೊದಲು ಕೇಳುತ್ತಾಳೆ, ಹನುಮಂತನು ರಾಮಲಕ್ಷ್ಮಣರ ಲಕ್ಷಣಗಳನ್ನು ಬಣ್ಣಿಸುತ್ತಾನೆ; ಆಮೇಲೆ ಉಂಗುರ. ಹಿಂದಿರುಗುವಾಗಲೂ ಆಕೆ ಚೂಡಾಮಣಿಯೊಂದನ್ನೇ ಕೊಟ್ಟು ಕಳುಹಿಸಲಿಲ್ಲ. ತಾವಿಬ್ಬರೇ ಬಲ್ಲ ಕಾಗೆಯ ಕಥೆಯನ್ನೂ ಹೇಳಿ ಕಳುಹಿಸಿದಳು. ವಸ್ತುವೊಂದು, ಮಾತೊಂದು. ಎರಡು ಗುರುತುಗಳಿರಲಿ ಎಂದು ಈಗ ಹೇಳುವವರು ಹೊಸದೇನನ್ನೂ ಹೇಳುತ್ತಿಲ್ಲವೆಂದು ನಮಗೆ ಅನ್ನಿಸುತ್ತದೆ.

ಮನುಷ್ಯನು ಈ ಕಾವಲನ್ನು ತಪ್ಪಿಸುವ ಬಗೆಯೂ ಯೋಚಿಸತಕ್ಕದ್ದು. ಅಮೇರಿಕದ ಐದು ಆಸ್ಪತ್ರೆಗಳನ್ನು ನೋಡಿ 2008ರಲ್ಲಿ ಕಾಪೆಲ್ ಮತ್ತು ಅವನ ಸಂಗಡಿಗರು ಪ್ರಕಟಿಸಿದ ಬರಹದಲ್ಲಿ, ದಾದಿಯರು ಹಿಡಿದ ಹದಿನೈದು ಬಗೆಯ ಅಡ್ಡದಾರಿಗಳಿವೆ. ರೋಗಿಯ ಮಣಿಕಟ್ಟಿನ ಗುರುತಿನ ಪ್ರತಿಯನ್ನು ಬಾಗಿಲ ಚೌಕಟ್ಟಿಗೆ ಅಂಟಿಸುವುದು, ಗಾಡಿಗೆ ಅಂಟಿಸುವುದು, ಸೊಂಟದ ಬಳೆಗೆ ಪೋಣಿಸಿಕೊಳ್ಳುವುದು. ಹಲವರ ಮದ್ದನ್ನು ಮೊದಲೇ ಓದಿಸಿಟ್ಟು ಒಟ್ಟಿಗೆ ಒಯ್ಯುವುದು. ಯಂತ್ರದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಮನುಷ್ಯನ ಕೈಯನ್ನು ಮಾತ್ರ ಯಾರೂ ಮುಟ್ಟಿರುವುದಿಲ್ಲ. ಇದನ್ನು ಕೇಳಿದೊಡನೆ ದಾದಿಯರನ್ನು ದೂಷಿಸಲು ನಾಲಗೆ ಮುಂದಾಗುತ್ತದೆ. ಆದರೆ ಕಾರಣಗಳನ್ನೂ ಅವರು ಎಣಿಸಿದ್ದಾರೆ: ಮೂವತ್ತೊಂದು. ನೆನೆದು ಹಾಳಾದ ಪಟ್ಟಿ, ಮುದುಡಿದ ಚೀಟಿ, ಗುರುತಿಲ್ಲದ ಮದ್ದು, ಸೋತ ಬ್ಯಾಟರಿ, ಕೊಠಡಿಯವರೆಗೆ ಬಾರದ ಸಂಪರ್ಕ. ಹತ್ತು ಜನರ ಕೆಲಸ ನಾಲ್ವರ ಮೇಲೆ ಬಿದ್ದಾಗ ನಿಯಮವು ಮುರಿಯದೆ ಬಾಗುವುದಾದರೂ ಹೇಗೆ? ಶಾಲೆಯಲ್ಲಿ ಅರುವತ್ತು ಮಕ್ಕಳನ್ನು ಒಬ್ಬರೇ ಕಾಯುವ ನಮ್ಮವರಿಗೆ ಇದು ಹೊಸ ಕಥೆಯಲ್ಲ. ಇನ್ನೂ ಒಂದು ಕಾರಣವಿರಬಹುದು, ಅದು ಕರುಣೆ. ಮೂರು ದಿನ ನಿದ್ದೆಗೆಟ್ಟವನು ಈಗ ತಾನೇ ಕಣ್ಣು ಮುಚ್ಚಿದ್ದಾನೆ. ಅವನ ಕೈಯನ್ನು ಹೊದಿಕೆಯಿಂದ ಎಳೆದು ಬೆಳಕು ಬಿಡಬೇಕೇ, ಗೋಡೆಯ ಮೇಲಿನ ಪ್ರತಿಯನ್ನು ಓದಿಸಿದರೆ ಸಾಲದೇ? ಇಂತಹ ಕರುಣೆಯನ್ನು ನಾವು ಹಗುರವಾಗಿ ಕಾಣಲಾರೆವು. ಆದರೂ ಎಬ್ಬಿಸಬೇಕೆಂದೇ ನಮ್ಮ ಅಭಿಪ್ರಾಯ. ಗೋಡೆಗೆ ಅಂಟಿದ ಗುರುತು ಆ ಮನುಷ್ಯನನ್ನು ಬಿಟ್ಟುಹೋದ ಗುರುತು. ಅವನನ್ನು ಬೇರೆ ಹಾಸಿಗೆಗೆ ಒಯ್ದರೂ ಅದು ಅಲ್ಲಿಯೇ ನಿಂತು ಅವನು ಇದ್ದಾನೆಂದು ಹೇಳುತ್ತಿರುತ್ತದೆ.

ಹಾಸಿಗೆಯ ನಂಬರಿನಿಂದ ರೋಗಿಯನ್ನು ಕರೆಯುವುದು ನಮ್ಮ ಆಸ್ಪತ್ರೆಗಳ ಹಳೆಯ ಚಾಳಿ. '17ನೆಯ ಹಾಸಿಗೆಯ ಮೂತ್ರಪಿಂಡ' ಎಂಬ ಮಾತನ್ನು ಕಿವಿಯಾರೆ ಕೇಳಿದವರಿದ್ದಾರೆ. ಕೊಠಡಿಯ ಸಂಖ್ಯೆಯನ್ನು ಗುರುತೆಂದು ಎಣಿಸಕೂಡದೆಂದು ಮೇಲೆ ಹೇಳಿದ 2007ರ ಸೂಚನೆಯಲ್ಲಿಯೇ ಇದೆ. ನಮ್ಮ ಹಿರಿಯರು ಈ ಚಾಳಿಯನ್ನು ದೂರದೆ ಪಟ್ಟಿಯನ್ನು ದೂರುತ್ತಿರುವುದು ಆಶ್ಚರ್ಯ. ಆಶ್‌ವಿಟ್ಸ್‌ನ ಶಿಬಿರದಲ್ಲಿ ನಾಜಿಗಳು ಕೈದಿಗಳ ತೋಳಿಗೆ ಸಂಖ್ಯೆಯನ್ನು ಹಚ್ಚೆ ಹೊಯ್ದರಲ್ಲ, ಅದೂ ಮೈಮೇಲಿನ ಸಂಖ್ಯೆಯೇ ಅಲ್ಲವೇ ಎಂದು ಯಾರಾದರೂ ಕೇಳಿಯಾರು. ಹೌದು. ಅಲ್ಲಿ ಹೆಸರನ್ನು ಕಿತ್ತುಕೊಂಡು ಸಂಖ್ಯೆಯನ್ನು ಕೊಟ್ಟರು. ಆ ಸಂಖ್ಯೆಯಿಂದ ಹೆಸರಿಗೆ ಹಿಂದಿರುಗುವ ಇಚ್ಛೆ ಅವರಿಗಿರಲಿಲ್ಲ. ಇಲ್ಲಿ ಸಂಖ್ಯೆಯಿಂದ ಹೆಸರಿಗೆ ಹಿಂದಿರುಗಬೇಕೆಂದೇ ಅದನ್ನು ಕಟ್ಟಿದುದು. ಹಿಂದಿರುಗುವ ದಾರಿ ತೆರೆದಿದೆಯೇ ಎಂದು ಪ್ರತಿ ಆಸ್ಪತ್ರೆಯಲ್ಲಿ, ಪ್ರತಿ ಪಾಳಿಯಲ್ಲಿ ನೋಡಬೇಕಾಗುತ್ತದೆ. ಪಟ್ಟಿಯನ್ನು ನೋಡಿಯಷ್ಟೇ ಅದು ತಿಳಿಯದು.

ಹೆಸರನ್ನು ಅತಿಯಾಗಿ ಹೊಗಳುವವರಿಗೆ ಮತ್ತೊಂದು ಮಾತು. ನಮ್ಮ ದೇಶದಲ್ಲಿ ಹೆಸರು ನಿಷ್ಪಾಪವಾದುದಲ್ಲ. ಕೇಸ್ ಪೇಪರಿನ ಮೇಲಿನ ಅಡ್ಡಹೆಸರನ್ನು ಓದಿದೊಡನೆ ಜಾತಿ, ಮತ, ಮನೆತನ ಎಲ್ಲವೂ ಓದುವವನ ಕಣ್ಣೆದುರು ಬಂದು ನಿಲ್ಲುತ್ತವೆ; ದನಿಯ ಏರಿಳಿತ ಅದರಿಂದ ತೀರ್ಮಾನವಾಗುವುದುಂಟು. ಗೆರೆಗಳು ಯಾವ ಓಣಿಯವರೆಂದು ಯಂತ್ರವು ಕೇಳುವುದಿಲ್ಲ. ಗುಳಿಗೆಯು ಒಬ್ಬನಿಗೆ ಬೇಗ, ಇನ್ನೊಬ್ಬನಿಗೆ ತಡವಾಗಿ ಸಂದರೆ ಹೊತ್ತು ಸಹಿತ ಬರೆದಿಡುತ್ತದೆ. ಹೆಸರಿನಿಂದಲೇ ಪೆಟ್ಟು ತಿಂದವರಿಗೆ ಈ ಮೂಗ ಗೆರೆಗಳು ಒಂದು ನೆರಳಾದರೂ ಆಗಬಹುದೆಂದು ನಾವು ಎಣಿಸುತ್ತೇವೆ.

ಹಾಗಾದರೆ ದಾದಿಯು ಮಾಡಬೇಕಾದುದೇನು? ಗೆರೆಯನ್ನು ಓದಿಸಬೇಕು, ಓದಿಸುವುದಕ್ಕೆ ಮುನ್ನ ಕೇಳಬೇಕು. "ನೀವು ಸಿದ್ಧರಾಮರೇ?" ಎಂದಲ್ಲ, "ನಿಮ್ಮ ಹೆಸರೇನು?" ಎಂದು. ಮೊದಲನೆಯ ಪ್ರಶ್ನೆಗೆ ತಲೆಯಾಡಿಸಿದರೆ ಸಾಕು. ಎರಡನೆಯದಕ್ಕೆ ರೋಗಿಯೇ ಬಾಯಿ ತೆರೆಯಬೇಕು. ಅವನಿಗೆ ತಿಳಿಯುವ ನುಡಿಯಲ್ಲಿ ಕೇಳಬೇಕೆಂಬುದು ನಮ್ಮಂತಹ ಗಡಿನಾಡಿನವರ ಬೇಡಿಕೆ. ಸೊಲ್ಲಾಪುರದ ಆಸ್ಪತ್ರೆಗೆ ಬರುವ ಕನ್ನಡದ ಮುದುಕಿಗೆ ಈ ಎರಡು ಮಾತುಗಳನ್ನು ಕನ್ನಡದಲ್ಲಿ ಕೇಳಲು ದಾದಿಯು ಪಂಡಿತಳಾಗಬೇಕಿಲ್ಲ. ಒಂದು ಚೀಟಿಯ ಮೇಲೆ ದೇವನಾಗರಿಯಲ್ಲಿ ಬರೆದಿಟ್ಟರೂ ನಡೆಯುತ್ತದೆ.

ನಮ್ಮ ಕಡೆಯಿಂದ ಆಗುವುದನ್ನು ನಾವೂ ಆರಂಭಿಸಿದ್ದೇವೆ. ಈ ವರ್ಷ ಮೂರನೆಯ ಇಯತ್ತೆಯ ಮಕ್ಕಳಿಗೆ ಶನಿವಾರದ ಆಟದಲ್ಲಿ ಒಬ್ಬರನ್ನು ದಾದಿಯಾಗಿಯೂ ಒಬ್ಬರನ್ನು ರೋಗಿಯಾಗಿಯೂ ಕೂಡಿಸುತ್ತೇವೆ. "ತುಮಚೆ ನಾವ ಕಾಯ?" ಎಂದರೆ ಪೂರ್ಣ ಹೆಸರು, ಊರು, ವಯಸ್ಸು ಹೇಳಬೇಕು, ತಪ್ಪು ಹೆಸರಿಟ್ಟು ಕರೆದರೆ "ಅಲ್ಲ" ಎನ್ನಬೇಕು. 'ಅಲ್ಲ' ಎನ್ನುವುದು ಮಕ್ಕಳಿಗೆ ಬಹಳ ಕಷ್ಟವಾಯಿತು, ಈಗೀಗ ಬರುತ್ತಿದೆ. ಕಳೆದ ಶನಿವಾರ ರೋಗಿಯಾಗಿ ಕುಳಿತ ಹುಡುಗಿಯೊಬ್ಬಳು ಉತ್ತರ ಹೇಳದೆ ಸುಮ್ಮನಿದ್ದಳು. ಏಕೆಂದು ಕೇಳಿದರೆ, ದಾದಿಯು ಮೊದಲು ತನ್ನ ಹೆಸರು ಹೇಳಲಿ ಎಂದಳು. ಮುಂದಿನ ವಾರದಿಂದ ಆಟದಲ್ಲಿ ಅದನ್ನೂ ಸೇರಿಸಬೇಕಾಗಿದೆ.